ಸುಭದ್ರಮ್ಮನ ಹೆಪ್ಪು

ಒಂದು ಹೊಳೆ. ಹೊಳೆಯ ಈಚೆ ದಡದಲ್ಲಿ ಒಂದು ಆಶ್ರಮ. ಆಶ್ರಮದಲ್ಲಿ ನರಹರಿ ಅಂತ ಒಬ್ಬರು ಗುರುಗಳು.

ಅವರು ಕಲಿಸುತ್ತಿದ್ದದ್ದು ಧಾತುಗಳನ್ನು. ಧಾತು ಅಂದರೆ ಮಾತಿನ ಬೇರು. ಗಿಡದಲ್ಲಿ ಎಲೆ, ಹೂವು, ಕಾಯಿ ಬೇರೆ ಬೇರೆಯಾಗಿ ಕಂಡರೂ ಬುಡ ಅಗೆದರೆ ಬೇರು ಒಂದೇ ಇರುತ್ತದಲ್ಲ, ಸಂಸ್ಕೃತದ ಮಾತುಗಳೂ ಹಾಗೇ ಅಂತೆ. ಅಂಥ ಬೇರುಗಳು ಸುಮಾರು ಎರಡು ಸಾವಿರ ಇವೆಯಂತೆ.

ಪುಂಡರೀಕನಿಗೆ ಎರಡು ಸಾವಿರವೂ ಬಾಯಿಪಾಠ.

ಹತ್ತು ವರ್ಷದವನಿದ್ದಾಗ ಬಂದವನು, ಹನ್ನೆರಡು ವರ್ಷ ಕಲಿತಿದ್ದ. ಅವನ ಊರಿನಲ್ಲಿ ಹೊಸ ಪಾಠಶಾಲೆ ಕಟ್ಟಿ, ಗುರುವಿನ ಪೀಠ ಹಾಸಿ, ಅವನಿಗಾಗಿ ಕಾದು ಕೂತಿದ್ದರು. ಹುಣ್ಣಿಮೆಗೆ ಹೊರಡುವುದು ಅಂತ ನಿಶ್ಚಯವಾಗಿತ್ತು. ಹುಣ್ಣಿಮೆಗೆ ಇನ್ನು ಮೂರೇ ದಿನ.

ಆ ಆಶ್ರಮದಲ್ಲಿ ಒಂದು ಪದ್ಧತಿ. ಕಲಿತು ಹೊರಡುವವರಿಗೆ ಎರಡು ಕೊಟ್ಟು ಕಳಿಸುತ್ತಿದ್ದರು. ಗುರುಗಳು ಒಂದು ಧಾತು ಕೊಡಬೇಕು. ಶಿಷ್ಯ ಅದರ ಅರ್ಥ ಹೇಳಿ ಗುರುಗಳ ಬಾಯಿಂದ "ಸರಿ" ಅನ್ನಿಸಿಕೊಳ್ಳಬೇಕು. ಅನ್ನಿಸಿಕೊಳ್ಳದೆ ಹೋದವನು ಇನ್ನೊಬ್ಬರಿಗೆ ಪಾಠ ಹೇಳುವ ಹಾಗಿಲ್ಲ.

ಇನ್ನೊಂದು, ತೆಂಗಿನ ಕರಟದಲ್ಲಿ ಒಂದಿಷ್ಟು ಹೆಪ್ಪು. ಹೌದು, ಹಾಲಿಗೆ ಹಾಕಿ ಮೊಸರು ಮಾಡುತ್ತೇವಲ್ಲ, ಅದೇ ಹೆಪ್ಪು.

ಅದನ್ನು ಶುರು ಮಾಡಿದವರು ಗುರುಗಳ ಹೆಂಡತಿ ಸುಭದ್ರಮ್ಮ, ಶಿಷ್ಯರಿಗೆಲ್ಲ ಅಮ್ಮ. ನಲವತ್ತಮೂರು ವರ್ಷದ ಕೆಳಗೆ ಮದುವೆಯಾಗಿ ಬರುವಾಗ ತವರಿನ ಹೆಪ್ಪನ್ನು ಕರಟದಲ್ಲಿಟ್ಟು, ದೋಣಿಯಲ್ಲಿ ತುಳುಕದ ಹಾಗೆ ಮಡಿಲಲ್ಲಿ ಹಿಡಿದು ತಂದಿದ್ದರಂತೆ. ಇವತ್ತಿನ ಮೊಸರಿನಿಂದ ಒಂದು ಚಮಚ ನಾಳೆಗೆ, ನಾಳೆಯದರಿಂದ ಒಂದು ಚಮಚ ನಾಡಿದ್ದಿಗೆ. ಹೀಗೇ ನಡೆದು ಬಂದಿತ್ತು.

ಸುಭದ್ರಮ್ಮ ತೀರಿಕೊಂಡು ಮೂರು ವರ್ಷ. ಹೆಪ್ಪು ಮಾತ್ರ ಇತ್ತು.

ಅವತ್ತು ಬೆಳಿಗ್ಗೆ ಗುರುಗಳು ಪುಂಡರೀಕನನ್ನು ಕರೆದು ಕೂರಿಸಿಕೊಂಡರು.

"ನಿನಗೆ 'ಸ್ಮೃ' ಕೊಟ್ಟಿದ್ದೇನೆ. ಏನು ಅರ್ಥ?"

ಪುಂಡರೀಕನಿಗೆ ಒಳಗೊಳಗೇ ನಗು. ಇಷ್ಟು ಸುಲಭದ್ದೇ!

"ನೆನೆಯುವುದು, ಗುರುಗಳೇ."

"ಆಮೇಲೆ?"

"ಇದರಿಂದಲೇ ಸ್ಮರಣೆ, ಇದರಿಂದಲೇ ಸ್ಮೃತಿ, ವಿಸ್ಮೃತಿ. ಮನ್ಮಥನನ್ನು ಸ್ಮರ ಅನ್ನುವುದೂ ಇದರಿಂದಲೇ. ಹಿಂದಿನವರು ಈ ಬೇರಿಗೆ ಎರಡು ಅರ್ಥ ಹೇಳಿದ್ದಾರೆ. ಚಿಂತಿಸುವುದು ಒಂದು, ಹಂಬಲಿಸುವುದು ಇನ್ನೊಂದು."

"ನೆನೆಯುವ ಮಾತಿನ ಬೇರಿನಲ್ಲಿ ಹಂಬಲ ಯಾಕೆ ಬಂತು?"

"ಹಿಂದಿನವರು ಹಾಗೆ ಹೇಳಿದ್ದಾರೆ, ಗುರುಗಳೇ."

"ಅವರು ಹೇಳಿದ್ದು ಕೇಳಿದೆ. ನೀನು ಹೇಳು."

ಪುಂಡರೀಕ ಸ್ಮರಣೆ, ಸ್ಮೃತಿ, ವಿಸ್ಮೃತಿ ಅಂತ ಮತ್ತೆ ಮೊದಲಿಂದ ಒಪ್ಪಿಸಿದ.

"ಪಟ್ಟಿ ಚೆನ್ನಾಗಿದೆ, ಮಗು," ಅಂದರು ಗುರುಗಳು. "ಹೋಗು. ಇವತ್ತು ಅಡಿಗೆಮನೆ ಸರದಿ ನಿನ್ನದಲ್ಲವೇ?"

ಅವನದೇ ಸರದಿ. ಕೈ ಅಡಿಗೆಮನೆಯಲ್ಲಿ, ತಲೆ ಮಾತ್ರ ಧಾತುವಿನಲ್ಲಿ.

ಒಲೆಗೆ ಸೌದೆ ಇಡುವಾಗ ಸ್ಮೃ. ಅಕ್ಕಿ ತೊಳೆಯುವಾಗ ಸ್ಮೃ.

ಮಧ್ಯಾಹ್ನ ಸುಡುವ ಬಿಸಿಲಿನಲ್ಲಿ ಇಪ್ಪತ್ತು ಜನ ಯಾತ್ರಿಕರು ಬಂದು ಜಗಲಿಯ ಮೇಲೆ ಉಸ್ಸೆಂದು ಕೂತರು. ಪುಂಡರೀಕ ಮೊಸರಿನ ಗಡಿಗೆ ಇಳಿಸಿದ, ಕಡೆದ, ನೀರು ಬೆರೆಸಿದ, ಉಪ್ಪು ಶುಂಠಿ ಹಾಕಿದ. ಎಲ್ಲರಿಗೂ ಹೊಟ್ಟೆ ತುಂಬ ಮಜ್ಜಿಗೆ ಕೊಟ್ಟ. "ನೂರು ಕಾಲ ಬಾಳಪ್ಪ" ಅಂತ ಹರಸಿ ಹೋದರು.

ಗಡಿಗೆ ತೊಳೆದು, ಹುಲ್ಲಿನಿಂದ ಉಜ್ಜಿ, ಬಿಸಿಲಿಗೆ ಬೋರಲು ಹಾಕಿದ.

ಸಂಜೆ ಹಾಲು ಕಾಯಿಸಿ ಆರಿಸಿದ. ಬೆರಳದ್ದಿ ನೋಡಿದ, ಉಗುರುಬೆಚ್ಚಗೆ ಹದವಾಗಿತ್ತು. ಹೆಪ್ಪಿನ ಬಟ್ಟಲಿಗೆ ಕೈ ಹಾಕಿದ.

ಬಟ್ಟಲು ಬರಿದು.

ಆಗ ಅವನಿಗೆ ಬೋರಲು ಹಾಕಿದ ಗಡಿಗೆ ನೆನಪಾಯಿತು. ಎರಡು ಸಾವಿರ ಧಾತು ನೆನಪಿಟ್ಟವನು ಒಂದು ಚಮಚ ಮೊಸರು ತೆಗೆದಿಡುವುದನ್ನು ಮರೆತಿದ್ದ!

ಜೊತೆಯಲ್ಲಿ ಓದುತ್ತಿದ್ದ ಶೇಷಗಿರಿ ಹಿತ್ತಲಿಂದ ಒಳಗೆ ಬಂದ. ಇವನ ಮುಖ ನೋಡಿದ, ಬಟ್ಟಲು ನೋಡಿದ.

"ಅಯ್ಯೋ ಪುಂಡಾ! ಎಲ್ಲಾ ಕಡೆದುಬಿಟ್ಟೆಯಾ?"

"ಮೆಲ್ಲಗೆ ಮಾತಾಡೋ."

"ಅದಕ್ಕೇನು ಹೀಗೆ ಬಿಳಿಚಿಕೊಳ್ಳುತ್ತೀ? ಎರಡು ಮೆಣಸಿನಕಾಯಿ ತೊಟ್ಟು ಹಾಕು. ಬೆಳಿಗ್ಗೆ ಮೊಸರಾಗಿರುತ್ತೆ. ಮೊಸರು ಮೊಸರೇ, ಅದಕ್ಕೇನು ಗೋತ್ರ ಪ್ರವರ ಹೇಳಿಸುತ್ತಾರಾ?"

ಪುಂಡರೀಕ ತೊಟ್ಟು ಹಾಕಿದ. ಹಾಕುವಾಗ ಬಾಗಿಲ ಕಡೆ ನೋಡಿ ಹಾಕಿದ. ಅಲ್ಲೇ ಗೊತ್ತಾಗಲಿಲ್ಲವೇ, ತಾನು ಮಾಡುತ್ತಿರುವುದು ಏನು ಅಂತ!

ಮೊಸರೇನೋ ಆಯಿತು. ಗಟ್ಟಿಯಾಗಿ, ಬೆಳ್ಳಗೆ.

ಮಾರನೆಯ ದಿನ ಊಟದ ಕೊನೆಗೆ ಗುರುಗಳ ಎಲೆಗೆ ಅದನ್ನೇ ಬಡಿಸಿದ. ಗುರುಗಳು ಅನ್ನಕ್ಕೆ ಕಲಸಿ ಒಂದು ತುತ್ತು ಬಾಯಿಗಿಟ್ಟರು. ಕೈ ಅಲ್ಲೇ ನಿಂತಿತು.

ಅಡಿಗೆಮನೆಯ ಬಾಗಿಲ ಕಡೆ ನೋಡಿದರು, ಯಾರೋ ಬರಬೇಕಾಗಿತ್ತು, ಬರಲಿಲ್ಲ ಅನ್ನುವ ಹಾಗೆ.

"ಮೊಸರು... ಸರಿಯಾಗಿದೆಯಾ, ಗುರುಗಳೇ?"

"ಗಟ್ಟಿಯಾಗಿದೆ, ಮಗು."

ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡು ಎದ್ದರು.

ಮೂರನೆಯ ದಿನ ಪುಂಡರೀಕ ಮೊಸರಿನ ಗಡಿಗೆ ತಂದಾಗ ಗುರುಗಳು ಎಲೆಯ ಮೇಲೆ ಕೈ ಅಡ್ಡ ಹಿಡಿದರು.

"ಬೇಡಪ್ಪ. ಇವತ್ತು ಸಾರನ್ನಕ್ಕೇ ಹೊಟ್ಟೆ ತುಂಬಿತು."

ಮೊಸರನ್ನ ಉಣ್ಣದೆ ಅವರು ಎಲೆ ಬಿಟ್ಟು ಎದ್ದದ್ದನ್ನು ಪುಂಡರೀಕ ಹನ್ನೆರಡು ವರ್ಷದಲ್ಲಿ ನೋಡಿರಲಿಲ್ಲ. ಜ್ವರ ಬಂದಾಗಲೂ ನೋಡಿರಲಿಲ್ಲ. ಸುಭದ್ರಮ್ಮ ಹೋಗಿ ಹದಿಮೂರು ದಿನ ಕಳೆದ ಮೇಲೂ ಅವರು ಮೊದಲು ಕೇಳಿದ್ದು "ಮೊಸರಿದೆಯಾ?" ಅಂತ.

ಅವನಿಗೆ ತಡೆಯಲಾಗಲಿಲ್ಲ. ಗಡಿಗೆ ಕೆಳಗಿಟ್ಟು ಅವರ ಕಾಲ ಬಳಿ ಕುಸಿದ.

"ಗುರುಗಳೇ, ಅದು ಅಮ್ಮನ ಹೆಪ್ಪಿನದಲ್ಲ. ನಾನು ಮರೆತು ಎಲ್ಲ ಕಡೆದುಬಿಟ್ಟೆ. ಮೆಣಸಿನಕಾಯಿ ತೊಟ್ಟು ಹಾಕಿ ನಿಮಗೆ ಮೋಸ ಮಾಡಿದೆ."

"ಗೊತ್ತು."

"ಗೊತ್ತಿದ್ದೂ ಯಾಕೆ ಬೈಯಲಿಲ್ಲ?"

"ಬೈದರೆ ಹಾಲು ಹೆಪ್ಪುಗಟ್ಟುತ್ತದೆಯೇ?"

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಮೊನ್ನೆಯವರೆಗೂ ಊಟದ ಕೊನೆಯ ತುತ್ತಿಗೆ ಅವಳು ಬಂದು ಎದುರಿಗೆ ಕೂರುತ್ತಿದ್ದಳು, ಮಗು. ಅಷ್ಟೇ. ನೀನು ಅಳಬೇಡ."

ಬೈದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ಪುಂಡರೀಕನಿಗೆ.

ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತ. ಯೋಚಿಸಿದ.

ಅಮ್ಮನ ಮುಖ ಕಣ್ಣಮುಂದೆ ತಂದುಕೊಳ್ಳಲು ನೋಡಿದ. ಬರಲಿಲ್ಲ. ಧಾತುಗಳು ಸಾಲಾಗಿ ಬಂದವು, ಮುಖ ಬರಲಿಲ್ಲ. ಮೂರೇ ವರ್ಷ! ಹತ್ತು ವರ್ಷದ ಹುಡುಗನಾಗಿ ಬಂದು ಮನೆಯ ನೆನಪಾಗಿ ಅಳುತ್ತಿದ್ದಾಗ ಮೊಸರನ್ನ ಕಲಸಿ ಕೈತುತ್ತು ಹಾಕಿದವರು. ಅವರ ಮುಖ ಬರುವುದಿಲ್ಲ ಅಂದರೇನು?

ಆಗ ಬಂದದ್ದು ಮುಖವಲ್ಲ, ಕೈ. ಬಳೆಗೆ ಮೊಸರು ಮೆತ್ತಿದ ಕೈ. ಆ ಕೈ ಯಾರಿಗೋ ಕರಟ ನೀಡುತ್ತಿತ್ತು.

ಪುಂಡರೀಕ ಧಡಕ್ಕನೆ ಎದ್ದ. ಅಮ್ಮ ಕೇಳಿದವರಿಗೆಲ್ಲ ಹೆಪ್ಪು ಕೊಡುತ್ತಿದ್ದರಲ್ಲ! ಯಾರದಾದರೂ ಮನೆಯಲ್ಲಿ ಉಳಿದಿರಬೇಕು!

ಮೊದಲು ಹೋದದ್ದು ಗುಡಿಯ ಅರ್ಚಕರ ಮನೆಗೆ. ಅರ್ಚಕರ ಹೆಂಡತಿ ಕೇಳಿ ಮರುಗಿದರು.

"ಕೊಟ್ಟಿದ್ದರಪ್ಪ. ಆದರೆ ನಮ್ಮ ಹಸು ಹೋಗಿ ಎರಡು ವರ್ಷವಾಯಿತು, ಹೆಪ್ಪು ಎಲ್ಲಿಂದ ಉಳಿದೀತು? ಕೂತುಕೋ. ನಿಮ್ಮ ಅಮ್ಮನಿಗೆ ಕಪ್ಪೆ ಕಂಡರೆ ಹೆದರಿಕೆ, ಗೊತ್ತಾ? ಒಂದು ಸಲ ಹಿತ್ತಲಲ್ಲಿ ಕಪ್ಪೆ ನೋಡಿ ನಮ್ಮ ಒರಳುಕಲ್ಲಿನ ಮೇಲೆ ಹತ್ತಿ ನಿಂತುಬಿಟ್ಟಿದ್ದರು. ಇಳಿಸಲು ನಿಮ್ಮ ಗುರುಗಳೇ ಬರಬೇಕಾಯಿತು."

ಪುಂಡರೀಕನಿಗೆ ಗೊತ್ತಿರಲಿಲ್ಲ. ನಕ್ಕ.

ಅಲ್ಲಿಂದ ಕುಂಬಾರರ ಕೇರಿಗೆ ಹೋದ. ತಿಗರಿಯ ಮುಂದೆ ಕೂತಿದ್ದ ಮುದುಕ ಕೈ ನಿಲ್ಲಿಸಿದ.

"ಹೋದ ಬೇಸಿಗೇಲಿ ಹುಳಿ ಹೆಚ್ಚಾಗಿ ಚೆಲ್ಲಿಬಿಟ್ವಿ ಸಾಮಿ, ಬೇಜಾರು ಮಾಡ್ಕೋಬೇಡಿ. ಅಮ್ಮಾರು ಗಡಿಗೆ ತಗೊಳ್ಳೋಕೆ ಬಂದ್ರೆ ಬೆರಳಲ್ಲಿ ತಟ್ಟಿ ನೋಡೋರು. ಕಿವಿ ಇಟ್ಟು ಕೇಳೋರು. 'ಇದು ಹಾಡ್ತದೆ, ಇದನ್ನೇ ಕೊಡು' ಅನ್ನೋರು. ಅವರು ಮಾತ್ರ ಹಾಡಿದ್ರೆ ಊರು ಬಿಟ್ಟು ಓಡಬೇಕು, ಹಂಗಿತ್ತು ಗಂಟಲು!"

ಅದೂ ಗೊತ್ತಿರಲಿಲ್ಲ. ಆದರೆ ಕೇಳಿದ ಕೂಡಲೇ ಹಾಲು ಕಾಯಿಸುತ್ತಾ ಅಪಸ್ವರದಲ್ಲಿ ಗುನುಗುತ್ತಿದ್ದ ಅಮ್ಮ ಕಿವಿಗೆ ಬಂದರು.

ಮನೆ ಮನೆ ತಿರುಗಿದ. ಹೆಪ್ಪು ಯಾರಲ್ಲೂ ಇರಲಿಲ್ಲ. ಅಮ್ಮ ಎಲ್ಲರಲ್ಲೂ ಇದ್ದರು. ಒಂದೊಂದು ಮನೆ ದಾಟಿದಂತೆ ಹೆಪ್ಪಿಗಿಂತ ಅಮ್ಮನೇ ಬೇಕು ಅನ್ನಿಸತೊಡಗಿತು. ಒಂದು ಸಲ, ಒಂದೇ ಸಲ, "ಪುಂಡಾ, ಕೈ ತೊಳಕೊಂಡು ಬಾರೋ" ಅಂತ ಕರೆದರೆ ಸಾಕು ಅನ್ನಿಸಿತು.

ಬಿಸಿಲು ಇಳಿಯುವ ಹೊತ್ತಿಗೆ ಉಳಿದದ್ದು ಆಚೆ ದಡದ ಒಂದೇ ಮನೆ. ಅಂಬಿಗರ ಹೊನ್ನಜ್ಜಿಯದು.

ದೋಣಿ ನಡೆಸುತ್ತಿದ್ದ ಅವಳ ಮಗನೇ ದಾಟಿಸಿದ. ಹೊನ್ನಜ್ಜಿ ಬಲೆ ಹೊಲಿಯುತ್ತಾ ಕೂತಿದ್ದಳು.

"ಏನ್ ಸಾಮಿ, ಹೊತ್ತು ಮುಳುಗೋ ಹೊತ್ತಲ್ಲಿ?"

"ಅಜ್ಜಿ, ನಮ್ಮ ಅಮ್ಮ ಕೊಟ್ಟ ಹೆಪ್ಪು ನಿನ್ನ ಹತ್ತಿರ ಇದೆಯಾ?"

"ಇಲ್ಲದೆ ಏನು? ನಮ್ಮನೆ ಎಮ್ಮೆ ಹಾಲಿಗೆ ಅದು ಬಿಟ್ಟು ಬೇರೆ ಹೆಪ್ಪೇ ಬಿದ್ದಿಲ್ಲ."

ಎದ್ದು ಒಳಗೆ ಹೋಗಿ, ಒಂದು ಹಳೇ ಕರಟದಲ್ಲಿ ಮೊಸರು ಹಾಕಿಕೊಂಡು ಬಂದಳು. ಹೊಸ್ತಿಲೊಳಗೆ ನಿಂತು ಕೈ ಚಾಚಿದಳು.

ಪುಂಡರೀಕನ ಕೈ ಮುಂದೆ ಬರಲಿಲ್ಲ.

ಬೇಕೆಂದು ಮಾಡಿದ್ದಲ್ಲ. ಹುಟ್ಟಿದಾಗಿನಿಂದ ಕಲಿತ ಮಡಿ ಅದು, ತಲೆ ಹೇಳುವುದಕ್ಕೆ ಮುಂಚೆ ಕೈಯೇ ಹಿಂದೆ ಸರಿಯಿತು. ಮೀನು ಬೇಯಿಸುವ ಮನೆಯ ಮೊಸರು ಆಶ್ರಮಕ್ಕೆ ಹೇಗೆ?

ಹೊನ್ನಜ್ಜಿ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಬೊಚ್ಚುಬಾಯಲ್ಲಿ ನಕ್ಕಳು.

"ನಿಮ್ಮ ಅಮ್ಮಾರೂ ಮೊದಲನೇ ಸಲ ಇಲ್ಲೇ, ಹಿಂಗೇ ನಿಂತಿದ್ರು."

"ಮೊದಲನೇ ಸಲ ಅಂದರೆ?"

"ಅಯ್ಯೋ, ನಿಮ್ಮ ಅಮ್ಮ ಏನು ಕಡಿಮೆ ಮರೆಗುಳಿಯಾ? ಮದುವೆಯಾಗಿ ಬಂದ ವರ್ಷಾನೇ ಹೆಪ್ಪು ಕಳಕೊಂಡ್ರು. ನೆಂಟರು ಬಂದಿದ್ರು, ಗದ್ದಲದಲ್ಲಿ ಎಲ್ಲಾ ಬಡಿಸಿಬಿಟ್ಟಿದ್ರು. ತವರಿಂದು ಹೋಯ್ತಲ್ಲಾ ಅಂತ ಅಳ್ತಾ ಓಡಿ ಬಂದ್ರು. ಅವರೇ ನಂಗೆ ತಿಂಗಳ ಹಿಂದೆ ಕೊಟ್ಟಿದ್ದು, ವಾಪಸ್ ಕೊಟ್ಟೆ. 'ಹೊನ್ನೀ, ಅವರಿಗೆ ಹೇಳಬೇಡ ಕಣೇ' ಅಂದ್ರು."

"ಗುರುಗಳಿಗೆ?"

"ಇನ್ಯಾರಿಗೆ! ಮಾರನೇ ದಿನ ಕರಟ ವಾಪಸ್ ತಂದ್ರು. ಬರಿದಲ್ಲ, ಒಂದು ಅಚ್ಚು ಬೆಲ್ಲ ಇಟ್ಟು ತಂದ್ರು."

ಹೊನ್ನಜ್ಜಿಯ ನಗು ಸಣ್ಣಗಾಯಿತು.

"ಎರಡನೇ ಸಲ ಅವರ ಕೂಸು ಹೋದ ವರ್ಷ. ಆರು ತಿಂಗಳ ಕೂಸು. ಒಂದು ವಾರ ಅವರು ಒಲೆ ಕಡೆ ತಿರುಗಿ ನೋಡಲಿಲ್ಲ, ಹೆಪ್ಪು ಕೆಟ್ಟು ಹೋಯ್ತು. ಆಮೇಲೆ ಬಂದ್ರು. ಮಾತಿಲ್ಲ, ಕತೆಯಿಲ್ಲ. ಆ ಸಲ ಹೊಸ್ತಿಲಲ್ಲಿ ನಿಲ್ಲಲಿಲ್ಲ. ಒಳಗೆ ಬಂದು ನನ್ನ ಒಲೆ ಮುಂದೆ ಕೂತು ಅತ್ರು."

"ಆ ಸಲ..."

"ಆ ಸಲ ಕರಟದಲ್ಲಿ ಕೂಸಿನ ಕುಲಾವಿ ಮಡಿಸಿಟ್ಟು ತಂದ್ರು. ನಾನು ಬಸುರಿ. 'ನಿನ್ನ ಕೂಸಿಗೆ ಹಾಕು ಹೊನ್ನಿ, ಸುಮ್ನೆ ಪೆಟ್ಟಿಗೇಲಿ ಇಡಬಾರದು' ಅಂದ್ರು. ಈಗ ದೋಣೀಲಿ ನಿಮ್ಮನ್ನ ಕರಕೊಂಡು ಬಂದ್ನಲ್ಲ, ಅವನೇ ಹಾಕ್ಕೊಂಡಿದ್ದು."



ನಲವತ್ತಮೂರು ವರ್ಷ ಗುರುಗಳು ಉಂಡದ್ದು, ಹನ್ನೆರಡು ವರ್ಷ ತಾನು ಉಂಡದ್ದು ಎಲ್ಲವೂ ಈ ಹೊಸ್ತಿಲು ದಾಟಿ ಬಂದದ್ದೇ. ಪುಂಡರೀಕ ಬಗ್ಗಿ ಹೊಸ್ತಿಲು ಮುಟ್ಟಿದ. ಒಳಗೆ ಕಾಲಿಟ್ಟ. ಎರಡೂ ಕೈಯಲ್ಲಿ ಕರಟ ತೆಗೆದುಕೊಂಡ.

"ಹೇಳಬೇಡಿ ಸಾಮಿ ಗುರುಗಳಿಗೆ," ಅಂದಳು ಹೊನ್ನಜ್ಜಿ. "ನಾನು ಅಮ್ಮಾರಿಗೆ ಮಾತು ಕೊಟ್ಟಿದ್ದೀನಿ."

"ಹೇಳುವುದಿಲ್ಲ ಅಜ್ಜಿ."

ದೋಣಿಯಲ್ಲಿ ಕರಟವನ್ನು ಮಡಿಲಲ್ಲಿಟ್ಟುಕೊಂಡು, ತುಳುಕದ ಹಾಗೆ ಎರಡು ಅಂಗೈ ಸುತ್ತ ಹಿಡಿದು ಕೂತ. ಹಾಗೆ ಕೂತಾಗ, ಕರೆಯದೆಯೇ, ಅಮ್ಮನ ಮುಖ ಬಂತು. ಹಣೆಯ ಬೆವರಿಗೆ ಕರಗಿದ ಕುಂಕುಮ, ಎಡಗೆನ್ನೆಯ ಮೇಲಿನ ಮಚ್ಚೆ, ಎಲ್ಲಾ ಬಂತು. ಅವನು ಕಣ್ಣು ಒರೆಸಿಕೊಳ್ಳಲಿಲ್ಲ. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹಾಲಿಗೆ ಹೆಪ್ಪು ಬಿತ್ತು. ಕರಟ ತೊಳೆದು ಗೂಡಿನಲ್ಲಿಟ್ಟ.

ಮರುದಿನ ಹುಣ್ಣಿಮೆ. ಹೊರಡುವ ದಿನ.

ಊಟದ ಕೊನೆಗೆ ಪುಂಡರೀಕ ಗಡಿಗೆ ತಂದು ಗುರುಗಳ ಮುಂದೆ ನಿಂತ. ಗುರುಗಳು ಅವನ ಮುಖ ನೋಡಿದರು. ಎಲೆಯ ಮೇಲಿದ್ದ ಕೈ ತೆಗೆದರು.

ಬಡಿಸಿದ. ಕಲಸಿದರು. ಒಂದು ತುತ್ತು ಬಾಯಿಗಿಟ್ಟರು.

ಕಣ್ಣು ಮುಚ್ಚಿದರು. ತುಂಬ ಹೊತ್ತು ಮುಚ್ಚಿಕೊಂಡೇ ಇದ್ದರು. ಆಮೇಲೆ ಬಿಳಿ ಗಡ್ಡದೊಳಗೆ ಸಣ್ಣಗೆ ನಗು ಬಂತು. ಎದುರಿಗೆ ಯಾರೋ ಕೂತು ಏನೋ ತಮಾಷೆ ಹೇಳಿದ ಹಾಗೆ.

ಬಾಗಿಲ ಮರೆಯಲ್ಲಿದ್ದ ಶೇಷಗಿರಿ ಮೆಲ್ಲಗೆ ಹಿಂದಕ್ಕೆ ಸರಿದ.

ಗುರುಗಳು ಇನ್ನೊಂದು ಸಲ ಬಡಿಸಿಕೊಂಡು ಉಂಡರು. ಕೈ ತೊಳೆದು ಬಂದು ಜಗಲಿಯಲ್ಲಿ ಕೂತರು.

"ಬಾ ಇಲ್ಲಿ. ಸ್ಮೃ?"

ಪುಂಡರೀಕ ಏನೇನೋ ಹೇಳಬೇಕೆಂದುಕೊಂಡಿದ್ದ. ಕಪ್ಪೆ, ಹಾಡುವ ಗಡಿಗೆ, ಬೆಲ್ಲ, ಕುಲಾವಿ. ಯಾವುದನ್ನು ಹೇಳುವುದು, ಯಾವುದನ್ನು ಬಿಡುವುದು? ಗಂಟಲಿಂದ ಒಂದೇ ಮಾತು ಹೊರಬಂತು. ಅದೂ ಅರ್ಧದಲ್ಲಿ ಒಡೆಯಿತು.

"ನೆನೆಯುವುದು, ಗುರುಗಳೇ."

ಮೊದಲ ದಿನ ಹೇಳಿದ್ದೇ ಅದು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

"ಸರಿ," ಅಂದರು ಗುರುಗಳು.

ಎದ್ದು ಒಳಗೆ ಹೋಗಿ ಹೊಸ ಕರಟದಲ್ಲಿ ಹೆಪ್ಪು ಹಾಕಿ, ಬಾಳೆಲೆ ಮುಚ್ಚಿ, ನಾರಿನಿಂದ ಕಟ್ಟಿ ತಂದು ಅವನ ಕೈಗಿಟ್ಟರು. ಪುಂಡರೀಕ ಉದ್ದಂಡ ನಮಸ್ಕಾರ ಮಾಡಿದ. ಎತ್ತಿ ತಬ್ಬಿಕೊಂಡರು.

ಹೆಪ್ಪು ಎಲ್ಲಿ ಸಿಕ್ಕಿತು ಅಂತ ಅವರು ಕೇಳಲಿಲ್ಲ. ಕೊಟ್ಟ ಮಾತಿನಂತೆ ಅವನೂ ಹೇಳಲಿಲ್ಲ.

ಮೆಟ್ಟಿಲಿಳಿದು ದೋಣಿಯ ಕಡೆ ಹೊರಟವನನ್ನು ಗುರುಗಳು ಹಿಂದಿನಿಂದ ಕೂಗಿದರು. ತಿರುಗಿ ನೋಡಿದರೆ ಅವರ ಕೈಯಲ್ಲಿ ಗೂಡಿನಲ್ಲಿಟ್ಟಿದ್ದ ಆ ಹಳೇ ಕರಟ.

"ಇದನ್ನು ಮರೆತೆಯಲ್ಲೋ. ಹೊನ್ನಿಗೆ ಬರಿದಾಗಿ ಕೊಡಬೇಡ, ಮಗು. ಸುಭದ್ರೆ ಎರಡು ಸಲವೂ ಬರಿದು ಕೊಟ್ಟಿರಲಿಲ್ಲ."